ಮೂಟೆ ಲೆಕ್ಕದ ನೆಂಟರು

ಮುನಿಗಂಗಮ್ಮ: ಯಾರನ್ನ ಎರಡು ಮೂಟೆ ಅಂದಿದ್ದು ನೀವು? ಇನ್ನೊಂದ್ಸಲ ಏಳಿ, ಕಿವಿಯಾರ ಕೇಳ್ಬಿಡ್ತೀನಿ.

ದೊಡ್ಡಮುನಿಯಪ್ಪ: ನಿನ್ ತಮ್ಮನ್ನೇ ಕಣೆ, ಬೈರಣ್ಣನ್ನ. ತಕ್ಕಡೀಲಿ ಈ ಕಡೆ ಅವನ್ನ ಕೂರಿಸಿ ಆ ಕಡೆ ಎರಡು ಮೂಟೆ ರಾಗಿ ಇಟ್ರೆ ಮುಳ್ಳು ನೆಟ್ಟಗೆ ನಿಲ್ತದೆ.

ಮುನಿಗಂಗಮ್ಮ: ಓಹೋ. ನಿಮ್ ತಂಗಿ ಮುನಿಕೆಂಪಮ್ಮ?

ದೊಡ್ಡಮುನಿಯಪ್ಪ: ಅವಳೇನು, ಪಾಪ, ಅರ್ಧ ಮೂಟೆ.

ಮುನಿಗಂಗಮ್ಮ: ಅರ್ಧ! ಓದ್ ವಾರ ಅವಳು ಗಾಡಿಯಿಂದ ಕೆಳಗಿಳಿದ ಮೇಲೆ ಆ ಸೀಟು ಮೊದಲಿನಂಗೆ ಆಗೋಕೆ ಸಾಯಂಕಾಲ ಆಯ್ತು. ಅರ್ಧ ಅಂತೆ!

ಆವಲಪ್ಪ: ಗೌಡ್ರೇ, ಅಮ್ಮಾ, ಜಗಳ ಆಮೇಲೆ ಆಡ್ಕಳಿ. ಕುಲುಮೆ ಆರೋಯ್ತಾ ಐತೆ. ಗಾಡೀಗೆ ಒಟ್ಟು ಎಷ್ಟು ಜನ ಅತ್ತುತಾರೆ ಅಂತ ಏಳ್ಬಿಡಿ, ಅದಕ್ಕೆ ತಕ್ಕಂಗೆ ಕಮಾನು ಕಟ್ತೀನಿ.

ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ: ಜನಾನ ಎಣಿಸಬಾರದು!

ಬೆಳಗಿನಿಂದ ಆ ದಂಪತಿಗಳು ಒಪ್ಪಿಕೊಂಡ ಮೊದಲ ಮಾತು ಇದು. ಮನೆಯವರ ತಲೆ ಎಣಿಸಿದರೆ ಆಯುಸ್ಸು ಕಡಿಮೆಯಾಗುತ್ತದೆ ಎಂಬುದನ್ನು ಯಲಹಂಕದಾಚೆಯ ಅವರ ಊರಿನಲ್ಲಿ ಯಾರೂ ಪ್ರಶ್ನಿಸಿದವರಿಲ್ಲ. ಕುರಿ ಎಣಿಸಬಹುದು, ತೆಂಗಿನಕಾಯಿ ಎಣಿಸಬಹುದು, ನೆಂಟರನ್ನು ಮಾತ್ರ ಎಣಿಸುವಂತಿಲ್ಲ. ಆದ್ದರಿಂದ ಯಶವಂತಪುರದ ತುಮಕೂರು ರಸ್ತೆಯಲ್ಲಿ, ಲಾರಿಗಳ ಭಾರ ಹೊರುವ ಕಮಾನು, ಅಂದರೆ ಸ್ಪ್ರಿಂಗ್ ಪಟ್ಟಿ, ರಿಪೇರಿ ಮಾಡುವ ಆವಲಪ್ಪನ ಕುಲುಮೆಯ ಮುಂದೆ ನಿಂತು, ದೊಡ್ಡಮುನಿಯಪ್ಪ ತನ್ನ ಬಂಧುಬಳಗವನ್ನೆಲ್ಲ ರಾಗಿ ಮೂಟೆಯ ಲೆಕ್ಕದಲ್ಲಿ ಒಪ್ಪಿಸುತ್ತಿದ್ದ. ಎಣಿಸಿದಂತೆಯೂ ಆಗಬಾರದು, ಲೆಕ್ಕವೂ ಸಿಗಬೇಕು. ಬುದ್ಧಿವಂತ.

ಜಗಳಕ್ಕೆ ಕಾರಣವಾದ ವಸ್ತು ಪಕ್ಕದಲ್ಲೇ ಹಿಂಭಾಗ ಕುಸಿದು ನಿಂತಿತ್ತು. ಮಿಲಿಟರಿಯವರು ಸಾಕಪ್ಪಾ ಎಂದು ಹರಾಜಿಗೆ ಬಿಟ್ಟಿದ್ದ ಭಾರಿ ವ್ಯಾಗನ್ನು. ದ್ರಾಕ್ಷಿ ಬೆಳೆ ಕೈಹಿಡಿದ ವರ್ಷ ದೊಡ್ಡಮುನಿಯಪ್ಪ ಅದನ್ನು ಕೊಂಡು ತಂದು ಹಟ್ಟಿಯ ಮುಂದೆ ನಿಲ್ಲಿಸಿದಾಗ, ಊರಿನ ಎಮ್ಮೆಗಳು ಮೂರು ದಿನ ಆ ದಾರಿಯಲ್ಲಿ ನಡೆಯಲಿಲ್ಲ. ಗಾಡಿ ಬಂದ ಮೇಲೆ ಅವನಿಗೊಂದು ಹೊಸ ಚಾಳಿ ಅಂಟಿಕೊಂಡಿತ್ತು. ದಾರಿಯಲ್ಲಿ ಕಂಡವರಿಗೆಲ್ಲ "ನೀವೂ ಬನ್ನಿ, ಜಾಗ ಐತೆ" ಅನ್ನುವುದು. ಅವನು ಉಪಚಾರಕ್ಕೆ ಅನ್ನುತ್ತಿದ್ದ, ಅವರು ನಿಜವಾಗಿಯೂ ಹತ್ತುತ್ತಿದ್ದರು.

ಹೋದ ವಾರ ಆದದ್ದೂ ಅದೇ. ಮಗಳು ವೆಂಕಟಲಕ್ಷ್ಮಿಗೆ ನಾಗಸಂದ್ರದ ಚಿಕ್ಕಹನುಮಯ್ಯನ ಮಗನನ್ನು ಗೊತ್ತು ಮಾಡುವುದಿತ್ತು. ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಿಕೊಂಡು ಬರುವ ಶಾಸ್ತ್ರಕ್ಕೆಂದು ಹೊರಟ ವ್ಯಾಗನ್ನು, ಊರು ದಾಟುವಷ್ಟರಲ್ಲಿ ಸಂಬಂಧಿಕರಿಂದ ಕಿಕ್ಕಿರಿದು, ಹೆಬ್ಬಾಳದ ಕೆರೆ ಏರಿಯ ಮೇಲೆ ಕಮಾನು ಕುಸಿದು ಸದ್ದಿಲ್ಲದೆ ಕೂತುಬಿಟ್ಟಿತು. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಗಂಡಿನ ಮನೆಯಲ್ಲಿ ಮಾಡಿಟ್ಟ ಅಡುಗೆ ಹಳಸಿತು. ಚಿಕ್ಕಹನುಮಯ್ಯ ಹೇಳಿ ಕಳಿಸಿದ್ದ: ನಾಳೆ ಮಧ್ಯಾಹ್ನದೊಳಗೆ ಬಂದರೆ ಸರಿ, ಇಲ್ಲದಿದ್ದರೆ ಟಿ. ದಾಸರಹಳ್ಳಿಯಿಂದ ಬೇರೊಂದು ಹೆಣ್ಣಿನ ಜಾತಕ ಬಂದಿದೆ.

ಅಂದಿನಿಂದ ಮುನಿಗಂಗಮ್ಮ ಹೊಟ್ಟೆ ತುಂಬ ಮುದ್ದೆ ಉಂಡಿರಲಿಲ್ಲ. ಹುಡುಗ ಚೆನ್ನಾಗಿದ್ದ. ಬೀಡಿ ಇಲ್ಲ, ಇಸ್ಪೀಟು ಇಲ್ಲ, ತಾಯಿಗೆ ಎದುರು ಮಾತಿಲ್ಲ. ಅಂಥ ಅಳಿಯ ಒಂದು ಕಬ್ಬಿಣದ ಪಟ್ಟಿಯ ದೆಸೆಯಿಂದ ಕೈತಪ್ಪಿ ಹೋಗುತ್ತಾನಲ್ಲ ಎಂದು ಒಂದೇ ಸಮನೆ ಹಲುಬುತ್ತಿದ್ದಳು.

ಮುನಿಗಂಗಮ್ಮ: ನಾಳೆ ಎಲ್ಲಾರೂ ಬಸ್ಸಲ್ಲಿ ಓದ್ರೆ ಆಗಲ್ವಾ?

ದೊಡ್ಡಮುನಿಯಪ್ಪ: ಗಾಡಿ ಮಡಿಕ್ಕಂಡು ಬಸ್ಸಲ್ಲಿ ಓಗಾದಾ! ಬೀಗ್ರು ಏನಂತಾರೆ? ಗೌಡ ವ್ಯಾಗನ್ನು ಅಡ ಇಟ್ಟವ್ನೆ ಅಂತಾರೆ. ಆವಲಪ್ಪ, ನೀನು ಪಟ್ಟಿ ಆಕು.

ಆವಲಪ್ಪ: ಈಗ ಆಕಿರೋದು ಐದು ಪಟ್ಟಿ. ಎಲ್ಲಾ ಸುಸ್ತಾಗವೆ. ಬಾಗಿ ಬಾಗಿ ಬೆನ್ನು ಓಗೈತೆ. ಇದ್ರ ಜೊತೇಗೆ ಎರಡು ಲಾರಿ ಪಟ್ಟಿ ಸೇರಿಸ್ತೀನಿ. ಸಾಕಾ?

ದೊಡ್ಡಮುನಿಯಪ್ಪ: ಸಾಕು ಸಾಕು.

ಆವಲಪ್ಪ: ಸಂಕೋಚ ಮಾಡ್ಕಬೇಡಿ ಗೌಡ್ರೇ. ಇನ್ನೊಂದು ಆಕ್ತೀನಿ.

ದೊಡ್ಡಮುನಿಯಪ್ಪ: ಅಯ್ಯೋ ಬೇಡ, ಬೇಡ.

ಆವಲಪ್ಪ: ನೋಡಿ, ಬೇಡ ಅಂತೀರಿ! ಮೂರು ಆಯ್ತು.

ಆವಲಪ್ಪ ಕೆಲಸಗಾರ ನಿಜ, ಆದರೆ ಅವನಿಗೆ ಕಮಾನು ಕಟ್ಟುವುದಕ್ಕೂ ಹಬ್ಬದೂಟ ಬಡಿಸುವುದಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಎಲೆಯ ಮುಂದೆ ಕೂತವನು ಬೇಡ ಎಂದರೆ ಹಾಕು ಎಂದು ಅರ್ಥ. ಕುಲುಮೆಯ ಮುಂದೆ ನಿಂತವನಿಗೂ ಅದೇ ನ್ಯಾಯ. ತನ್ನ ಅಂಗಡಿಯಿಂದ ಗಾಡಿಯೊಂದು ಹಸಿದುಕೊಂಡು ಹೋಯಿತು ಎಂಬ ಅಪವಾದ ಅವನಿಗೆ ಬೇಕಿರಲಿಲ್ಲ.

ಆವಲಪ್ಪ: ಈಗ ಇನ್ನೊಂದ್ಸಲ ಒಟ್ಟು ಏಳಿ. ಮುನಿಕೆಂಪಮ್ಮ ಅರ್ಧ. ಆಮೇಲೆ?

ಮುನಿಗಂಗಮ್ಮ: ಒಂದು ಬರ್ಕೋ.

ಆವಲಪ್ಪ: ನಂಗೆ ಬರೆಯಾಕೆ ಬರಲ್ಲಮ್ಮ. ಬಾಯಲ್ಲೇ ಇಟ್ಕತೀನಿ. ಒಂದು. ಆಮೇಲೆ ಬೈರಣ್ಣಂದು ಎರಡು ಮೂಟೆ.

ಅದೇ ಹೊತ್ತಿಗೆ ರೈಲ್ವೆ ಗೇಟಿನ ಕಡೆಯಿಂದ ಸೈಕಲ್ಲು ತುಳಿದುಕೊಂಡು ಬಂದು ಇಳಿದವನು ಸಾಕ್ಷಾತ್ ಬೈರಣ್ಣ. ಅಕ್ಕ ಬಾವ ಬೆಳಗ್ಗೆ ಹೋದವರು ಇನ್ನೂ ಬಂದಿಲ್ಲವಲ್ಲ ಎಂದು ಹುಡುಕಿಕೊಂಡು ಬಂದಿದ್ದ. ಅವನ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ. ಮದುವೆ ಎದುರಿಗಿದೆ, ಅಕ್ಕ ಬಾವ ಲೆಕ್ಕ ಹಾಕುತ್ತಿದ್ದಾರೆ, ಸೋದರಮಾವನ ಹೆಸರಿಗೆ ಎರಡು ಮೂಟೆ ರಾಗಿ. ಇನ್ನೇನು ಅಂದುಕೊಳ್ಳಬೇಕು? ಅವನ ಮುಖ ಕೆಂಪಾಯಿತು.

ಬೈರಣ್ಣ: ಎರಡೇ ಮೂಟೇನಾ? ಅಕ್ಕಾ, ನಿನ್ ತಮ್ಮ ಅಂದ್ರೆ ಅಷ್ಟೇನಾ?

ಆವಲಪ್ಪ: ಇವ್ರೇನಾ ಬೈರಣ್ಣ? ಯಾಕ್ ಸಾಮಿ, ಜಾಸ್ತಿ ಇದ್ದೀರಾ?

ಬೈರಣ್ಣ: ಐದು! ಐದಕ್ಕೆ ಒಂದು ಸೇರೂ ಕಮ್ಮಿ ಇಲ್ಲ!

ಆವಲಪ್ಪ ಅವನನ್ನು ಅಂಗಾಲಿನಿಂದ ನೆತ್ತಿಯವರೆಗೆ ನೋಡಿದ. ಒಂದು ಸುತ್ತು ಹಾಕಿ ಹಿಂದಿನಿಂದಲೂ ನೋಡಿದ.

ಆವಲಪ್ಪ: ಕಾಣಾಕಿಲ್ವಲ್ಲ ಅಷ್ಟು.

ಬೈರಣ್ಣ: ಕಾಣಾದ್ ಎಂಗೆ? ಮನೇಲೈತೆ. ಎಲ್ಲಾನೂ ಮೈಮೇಲೆ ಒತ್ಕಂಡು ಸೈಕಲ್ ತುಳೀತಾರಾ?

ಆವಲಪ್ಪ: ಮನೇಲಿ ಬಿಟ್ ಬಂದ್ರಾ! ನಾಳೆ ತರ್ತೀರಾ?

ಬೈರಣ್ಣ: ತಂದೇ ತರ್ತೀನಿ. ಊರೆಲ್ಲಾ ನೋಡ್ಲಿ. ನಮ್ಮವಳದ್ದು ಬೇರೆ ಐತೆ, ಅವಳ ತೌರಿನ ಕಡೇದು. ಒಂದೆರಡು ಸೇರಿಸ್ಕಳಿ.

ಆವಲಪ್ಪ ಒಳಗೆ ಹೋಗಿ ಮತ್ತೆರಡು ಪಟ್ಟಿ ಎತ್ತಿಕೊಂಡು ಬಂದ. ದೊಡ್ಡಮುನಿಯಪ್ಪ ಬಾಯಿ ತೆರೆಯುವುದರಲ್ಲಿದ್ದ. ಮುನಿಗಂಗಮ್ಮ ಅವನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದಳು.

ದೊಡ್ಡಮುನಿಯಪ್ಪ: ಅವನು ಏನೋ ಅನ್ಕಂಡವ್ನೆ ಕಣೆ! ನಾವು ಅವನ ತೂಕ ಏಳ್ತಿದ್ರೆ ಅವನು ಉಡುಗೊರೆ ಏಳ್ತಾವ್ನೆ!

ಮುನಿಗಂಗಮ್ಮ: ಗೊತ್ತು. ಸುಮ್ಕಿರಿ.

ದೊಡ್ಡಮುನಿಯಪ್ಪ: ಸುಮ್ಕಿದ್ರೆ ಪಟ್ಟಿ ಜಾಸ್ತಿ ಬೀಳ್ತವೆ!

ಮುನಿಗಂಗಮ್ಮ: ಬೀಳ್ಲಿ. ಐದು ಮೂಟೆ ರಾಗಿ ತಾನಾಗೇ ಬತ್ತಾ ಐತೆ. ಬಾಯ್ಬಿಟ್ಟು ಬೇಡ ಅನ್ನಾಕೆ ನಂಗೇನ್ ತಲೆ ಕೆಟ್ಟೈತಾ?

ಆ ಗಳಿಗೆಯಲ್ಲಿ ಅವಳಿಗೆ ನಿಜಕ್ಕೂ ಹೆಮ್ಮೆಯಾಗಿತ್ತು. ನಾದಿನಿ ಮುನಿಕೆಂಪಮ್ಮ ಅಣ್ಣನ ಗೃಹಪ್ರವೇಶಕ್ಕೆ ಒಂದು ಹಿತ್ತಾಳೆ ಚೊಂಬು ಕೊಟ್ಟು ಹನ್ನೆರಡು ವರ್ಷ ಅದರ ಮಾತಾಡುವವಳು. ತನ್ನ ತಮ್ಮ ನೋಡಿ, ಬಂಡಿಗಟ್ಟಲೆ ರಾಗಿ! ತೌರಿನ ಹೆಸರು ಎತ್ತಿ ಹಿಡಿದ.

ಇಳಿಹೊತ್ತಿಗೆ ಕೆಲಸ ಮುಗಿಯಿತು. ವ್ಯಾಗನ್ನಿನ ಹಿಂಭಾಗ ಎತ್ತರಕ್ಕೆ ಎದ್ದು, ಮೂತಿ ನೆಲದ ಕಡೆ ಬಾಗಿ, ಮೇಯುವ ಕುರಿಯ ಹಾಗೆ ನಿಂತಿತು. ದೊಡ್ಡಮುನಿಯಪ್ಪನಿಗೆ ಸಂತೋಷವೋ ಸಂತೋಷ. ಪರೀಕ್ಷೆಗೆಂದು ರೈಲ್ವೆ ಗೇಟಿನವರೆಗೆ ಹೊರಟರು. ಬೈರಣ್ಣ ಹಿಂದಿನ ಸೀಟಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ.

ಬೈರಣ್ಣ: ಬಾವಾ, ಸ್ವಲ್ಪ ನಿಧಾ...

ಮಾತಿನ ಮೊದಲರ್ಧ ಸೀಟಿನ ಮೇಲೆ ಹೊರಟಿತು. ಉಳಿದರ್ಧ ಚಾವಣಿಯ ಹತ್ತಿರ.

ಬೈರಣ್ಣ: ...ನಾ!

ಮುನಿಗಂಗಮ್ಮ: ಮುಂದಿನ ಸೀಟಲ್ಲೇ ನನ್ ಅಲ್ಲು ಅಲ್ಲಾಡ್ತಾ ಐತೆ! ರಸ್ತೇಲಿ ಓಗ್ತಿದ್ದೀರಾ, ಗದ್ದೇಲಿ ಓಗ್ತಿದ್ದೀರಾ?

ದೊಡ್ಡಮುನಿಯಪ್ಪ: ಒಳ್ಳೇ ರಸ್ತೇನೇ ಕಣೆ! ಒಂದ್ ಕಡ್ಲೆಕಾಯಿ ಸಿಪ್ಪೆ ಮೇಲೆ ಅತ್ತಿರ್ಬೇಕು!

ರೈಲ್ವೆ ಹಳಿಯ ಮೇಲೆ ಗಾಡಿ ಹಾದಾಗ ಹಿಂದಿನಿಂದ ಯಾವ ಮಾತೂ ಬರಲಿಲ್ಲ. ಧಡ್ ಎಂಬ ಸದ್ದೊಂದು ಬಂತು. ವಾಪಸು ಕುಲುಮೆಯ ಹತ್ತಿರ ಬೈರಣ್ಣನನ್ನು ಇಳಿಸಿದಾಗ ಅವನು ತನ್ನ ಸೈಕಲ್ಲನ್ನು ಅಪ್ಪಿಕೊಂಡ.

ಬೈರಣ್ಣ: ನಾಳೆ ನಾನು ಬಸ್ಸಲ್ಲಿ ಬತ್ತೀನಿ. ಮುನಿಕೆಂಪಕ್ಕಂಗೂ ಏಳ್ತೀನಿ, ಎಲ್ಲಾರ್ಗೂ ಏಳ್ತೀನಿ. ಈ ಗಾಡಿ ಅತ್ತಿದೋರು ಶಾಸ್ತ್ರಕ್ಕೆ ಓಗಲ್ಲ, ಆಸ್ಪತ್ರೆಗೆ ಓಗ್ತಾರೆ.

ದೊಡ್ಡಮುನಿಯಪ್ಪ: ಆವಲಪ್ಪ! ಇದೇನಯ್ಯಾ ಮಾಡ್ದೆ?

ಆವಲಪ್ಪ: ಗಾಡಿ ಖಾಲಿ ಇದ್ರೆ ಇಂಗೇ ಗೌಡ್ರೇ. ನೀವ್ ಏಳಿದ ಭಾರ ಬೀಳ್ಲಿ, ಊವಿನ ಮೇಲೆ ಕೂತಂಗಿರ್ತದೆ. ನೆಂಟ್ರೆಲ್ಲಾ ಅತ್ತಲಿ.

ದೊಡ್ಡಮುನಿಯಪ್ಪ: ನೆಂಟ್ರು ಅತ್ತಲ್ಲ ಅಂತಾವ್ರಲ್ಲಯ್ಯ! ಎರಡು ಪಟ್ಟಿ ವಾಪಸ್ ತೆಗಿ.

ಆವಲಪ್ಪ: ಬಡಿಸಿದ್ದನ್ನ ಎಲೆಯಿಂದ ಎತ್ತುತಾರಾ? ಅಲ್ದೆ ಬೋಲ್ಟೆಲ್ಲಾ ಕಾಯ್ಸಿ ಬಿಗ್ದಿದ್ದೀನಿ. ಬಿಚ್ಚಬೇಕಾದ್ರೆ ನಾಳೆ ಸಾಯಂಕಾಲ.

ಮುನಿಗಂಗಮ್ಮ: ನಾಳೆ ಮಧ್ಯಾಹ್ನದೊಳಗೆ ನಾವು ನಾಗಸಂದ್ರದಲ್ಲಿರ್ಬೇಕು ಕಣಪ್ಪ. ನನ್ ಮಗಳ ಬಾಳು.

ಆವಲಪ್ಪ: ಅದಕ್ಯಾಕಮ್ಮ ಯೋಚ್ನೆ? ನೆಂಟ್ರು ಕೂರದಿದ್ರೆ ಮೂಟೆ ಕೂರ್ಸಿ. ನಂಗೆ ಲೆಕ್ಕ ಕೊಟ್ಟಿದ್ದು ಮೂಟೇಲಿ ತಾನೆ?

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಇಷ್ಟು ಸುಲಭದ ಉಪಾಯ ತಮಗೆ ಹೊಳೆಯಲಿಲ್ಲವಲ್ಲ ಎಂದು ದೊಡ್ಡಮುನಿಯಪ್ಪನಿಗೆ ನಾಚಿಕೆಯೂ ಆಯಿತು.

ಮರುದಿನ ಬೆಳಗ್ಗೆ ನೆಂಟರೆಲ್ಲ ಜರತಾರಿ ಸೀರೆ, ಮಡಿ ಪಂಚೆ ಉಟ್ಟು ಬಸ್ಸಿನ ದಾರಿ ಹಿಡಿದರು. ಬೈರಣ್ಣನ ಎತ್ತಿನ ಗಾಡಿಯಲ್ಲಿ ಐದು ಮೂಟೆ ಬಂದಿಳಿಯಿತು; ಅವನ ಹೆಂಡತಿಯ ತೌರಿನದು ಬರಲಿಲ್ಲ. ಉಳಿದದ್ದು ಮನೆಯ ಕಾಳು ತುಂಬುವ ವಾಡೆಯಿಂದ ಹೊರಬಿತ್ತು.

ಬೈರಣ್ಣ: ಅಲ್ಲಕ್ಕ, ರಾಗಿ ಮದುವೆಗಲ್ವಾ? ಇವತ್ತೇ ಯಾಕೆ?

ಮುನಿಗಂಗಮ್ಮ: ಶುಭ ಕಾರ್ಯಕ್ಕೆ ಓಗೋವಾಗ ಮೊದಲು ಧಾನ್ಯ ಗಾಡಿ ಅತ್ತಬೇಕಂತೆ ಕಣೋ. ನೀನು ಓಗು, ಬಸ್ಸು ತಪ್ಪೋಯ್ತದೆ.

ಅವನು ಹೋದ ಮೇಲೆ ದೊಡ್ಡಮುನಿಯಪ್ಪ ಬೆರಗಾಗಿ ಕೇಳಿದ.

ದೊಡ್ಡಮುನಿಯಪ್ಪ: ಅಂಗಂತ ಯಾರ್ ಏಳಿದ್ದು?

ಮುನಿಗಂಗಮ್ಮ: ಈಗ ತಾನೆ ನಾನೇ ಏಳಿದ್ನಲ್ಲ. ಕೇಳಿಸ್ಲಿಲ್ವಾ? ಅದಿರ್ಲಿ, ವಾಡೆ ತಳ ಕಾಣ್ತಾ ಐತೆ. ಸಾಯಂಕಾಲಕ್ಕೆ ಮುದ್ದೆಗೇನ್ ಮಾಡ್ಲಿ?

ದೊಡ್ಡಮುನಿಯಪ್ಪ: ಸಾಯಂಕಾಲ ಇದೇ ಗಾಡೀಲಿ ಇದೇ ಮೂಟೆ ವಾಪಸ್ ಬತ್ತವೆ. ರಾಗೀಗೂ ಒಂದಿಷ್ಟು ಗಾಳಿ ಆಡ್ದಂಗಾಯ್ತದೆ. ಇದನ್ನ ಮುನಿಕೆಂಪಮ್ಮನ ಜಾಗಕ್ಕೆ ಇಡು. ಅರ್ಧ ಮೂಟೆ ಸಾಕು.

ಮುನಿಗಂಗಮ್ಮ: ಒಂದ್ ಮೂಟೆ ಇಡಿ ಅಂದ್ರೆ ಇಡಿ!

ಒಂದನ್ನೇ ಇಟ್ಟರು. ಆವಲಪ್ಪನ ಮಾತು ಸುಳ್ಳಾಗಲಿಲ್ಲ. ಮೂಟೆಗಳು ಕೂತದ್ದೇ ತಡ, ವ್ಯಾಗನ್ನು ಸೊಂಟ ಇಳಿಸಿ ನೆಟ್ಟಗಾಯಿತು. ಹೆಬ್ಬಾಳದ ಕೆರೆ ಏರಿಯ ಮೇಲೆ ತೇಲಿಕೊಂಡು ಹೋಯಿತು. ಮುನಿಗಂಗಮ್ಮನ ಕಣ್ಣು ಹಾಗೇ ಮುಚ್ಚಿ ಬಂತು. ಒಂದು ವಾರದಿಂದ ಅವಳು ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ದೊಡ್ಡಮುನಿಯಪ್ಪ: ನೆಂಟ್ರಿಗಿಂತ ರಾಗಿ ವಾಸಿ ಕಣೆ. ಕಿಟಕಿ ಪಕ್ಕ ಬೇಕು ಅನ್ನಲ್ಲ. ವಾಂತಿ ಮಾಡಲ್ಲ. ನನ್ ಡ್ರೈವಿಂಗ್ ಬಗ್ಗೆ ಮಾತಾಡಲ್ಲ.

ನಾಗಸಂದ್ರ ತಲುಪಿದಾಗ ಹೊತ್ತು ನೆತ್ತಿಗೆ ಬಂದಿರಲಿಲ್ಲ. ಆದರೆ ಅದೇ ಹೊತ್ತಿಗೆ ಬಸ್ಸಿಳಿದ ನೆಂಟರೂ ಜರತಾರಿಗೆ ಕೆಂಪು ಧೂಳು ಮೆತ್ತಿಸಿಕೊಂಡು ನಡೆದು ಬಂದರು. ಬಾಗಿಲಲ್ಲಿ ನಿಂತಿದ್ದ ಚಿಕ್ಕಹನುಮಯ್ಯ ಆ ಕಡೆ ಜನರನ್ನು ನೋಡಿದ, ಈ ಕಡೆ ಗಾಡಿಯನ್ನು ನೋಡಿದ. ಅವನ ಹುಬ್ಬು ಮೇಲೇರಿತು.

ಚಿಕ್ಕಹನುಮಯ್ಯ: ಇದೇನ್ ಬೀಗ್ರೇ? ಮನುಷ್ಯರು ಬಸ್ಸಲ್ಲಿ, ಮೂಟೆ ಮೋಟಾರಲ್ಲಿ?

ಮುನಿಗಂಗಮ್ಮ ಥಟ್ಟನೆ ಗಂಡನ ಕಡೆ ತಿರುಗಿದಳು. ದೊಡ್ಡಮುನಿಯಪ್ಪ ಸತ್ಯವಂತ. ಬಾಯಿ ತೆರೆದರೆ ಕಮಾನಿನ ಕತೆಯೆಲ್ಲ ಹೊರಬೀಳುತ್ತದೆ, ಕತೆ ಮುಗಿಯುವುದರೊಳಗೆ ದಾಸರಹಳ್ಳಿಯ ಹೆಣ್ಣು ಮನೆ ತುಂಬಿರುತ್ತದೆ.

ದೊಡ್ಡಮುನಿಯಪ್ಪ: ಅದೇನಾಯ್ತು ಅಂದ್ರೆ ಬೀಗ್ರೇ, ಯಶವಂತಪುರದಲ್ಲಿ...

ಬೈರಣ್ಣ: ಉಡುಗೊರೆ! ಶುಭ ಕಾರ್ಯಕ್ಕೆ ಮೊದಲು ಧಾನ್ಯ ಅತ್ತಬೇಕು, ಅದು ನಮ್ ಕಡೆ ಪದ್ಧತಿ. ಅದ್ರಲ್ಲಿ ಐದು ಮೂಟೆ ಸೋದರಮಾವಂದು. ಅಂದ್ರೆ ನಂದು!

ಚಿಕ್ಕಹನುಮಯ್ಯ: ಎಲ್ಲಾನೂ ನಮ್ಗೇನಾ?

ದೊಡ್ಡಮುನಿಯಪ್ಪ ಹೆಂಡತಿಯ ಕಿವಿಯಲ್ಲಿ ಹೇಳಿದ.

ದೊಡ್ಡಮುನಿಯಪ್ಪ: ನಮ್ ವಾಡೇದೂ ಅದ್ರಲ್ಲೈತೆ ಕಣೆ!

ಮುನಿಗಂಗಮ್ಮ ಮೂಟೆಗಳ ಕಡೆ ನೋಡಿದಳು. ವಾಡೆಯದಷ್ಟೂ ಅವಳೇ ನಿಂತು ಕಣ ಮಾಡಿಸಿದ ರಾಗಿ. ಆಮೇಲೆ ಒಳಗಿನ ಕಂಬದ ಹತ್ತಿರ ತಲೆ ತಗ್ಗಿಸಿ ನಿಂತಿದ್ದ ಹುಡುಗನ ಕಡೆ ನೋಡಿದಳು. ಅವಳ ಕಣ್ಣಲ್ಲಿ ನೀರಾಡಿತು. ಅದು ರಾಗಿಗಾಗಿಯೋ ಅಳಿಯನಿಗಾಗಿಯೋ ಅವಳಿಗೇ ಗೊತ್ತಾಗಲಿಲ್ಲ.

ಮುನಿಗಂಗಮ್ಮ: ಇಳಿಸ್ಕಳಿ ಬೀಗ್ರೇ. ಎಲ್ಲಾ ನಿಮ್ಗೇ.

ಚಿಕ್ಕಹನುಮಯ್ಯ: ನೋಡ್ರಪ್ಪ, ಸಂಬಂಧ ಅಂದ್ರೆ ಇಂಗಿರ್ಬೇಕು! ತಾವು ಬಸ್ಸಲ್ಲಿ ಬಂದು ಬೀಗರ ರಾಗೀನ ಮೋಟಾರಲ್ಲಿ ತಂದವ್ರೆ. ದಾಸರಹಳ್ಳಿಯೋರಿಗೆ ಇವತ್ತೇ ಬೇಡ ಅಂತ ಏಳಿ ಕಳಿಸ್ತೀನಿ. ತಗಳಿ ವೀಳ್ಯ!

ಒಂದೊಂದು ಮೂಟೆ ಇಳಿದಂತೆಲ್ಲ ವ್ಯಾಗನ್ನಿನ ಹಿಂಭಾಗ ಗೇಣು ಗೇಣಾಗಿ ಎದ್ದಿತು.

ಚಿಕ್ಕಹನುಮಯ್ಯ: ಗಾಡಿ ಯಾಕೆ ಅಂಗೆ ಎದ್ದು ನಿಂತ್ಕತು?

ದೊಡ್ಡಮುನಿಯಪ್ಪ: ಸಂತೋಷಕ್ಕೆ ಬೀಗ್ರೇ.

ವೀಳ್ಯ ಬದಲಾಯಿಸಿ, ಪಾಯಸ ಉಂಡು, ಹೆಣ್ಣಿನ ಕಡೆಯವರು ಹೊರಟರು. ಮುನಿಗಂಗಮ್ಮ ಗಾಡಿಯ ಹತ್ತಿರ ಸುಳಿಯಲೂ ಇಲ್ಲ. ತಮ್ಮ, ನಾದಿನಿಯರ ಜೊತೆ ನೇರ ಬಸ್ಸಿನ ಕಡೆ ನಡೆದಳು.

ದೊಡ್ಡಮುನಿಯಪ್ಪ: ಲೇ, ನಾನೊಬ್ನೇ ಖಾಲಿ ಗಾಡೀಲಾ? ಯಲಹಂಕ ಸೇರೋವಷ್ಟರಲ್ಲಿ ನನ್ ಎಲುಬು ಉಳೀತದಾ?

ಮುನಿಗಂಗಮ್ಮ: ಗಾಡಿ ನಿಮ್ದು, ಎಲುಬೂ ನಿಮ್ದು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮಗಳ ಮದುವೆ ಗೊತ್ತಾಯಿತು, ಇನ್ನು ಮನೆಗೆ ಹೋಗಿ ಒಂದು ತಂಬಿಗೆ ಮಜ್ಜಿಗೆ ಕುಡಿದು ಮಲಗಿದರೆ ಸಾಕು ಎಂದುಕೊಂಡಳು. ಬಸ್ಸು ದಾಸರಹಳ್ಳಿಯಲ್ಲಿ ಜನ ಹತ್ತಿಸಿಕೊಳ್ಳುತ್ತ ನಿಂತಿತ್ತು. ಹಿಂದಿನಿಂದ ಪರಿಚಯದ ಹಾರನ್ನು ಕೇಳಿಸಿತು.

ವ್ಯಾಗನ್ನು ಬಂತು. ಎಗರದೆ, ಕುಲುಕದೆ, ನೀರಿನ ಮೇಲೆ ಬಂದ ಹಾಗೆ ಬಂತು. ಮುಂದಿನ ಸೀಟಿನಲ್ಲಿ ರುಮಾಲು ಸುತ್ತಿದ ಚಿಕ್ಕಹನುಮಯ್ಯ. ಹಿಂದೆ ಅವನ ಹೆಂಡತಿ, ಅವಳ ಓರಗಿತ್ತಿಯರು, ಭಾವಮೈದುನರು, ಮಕ್ಕಳು ಮರಿ, ಪಕ್ಕದ ಮನೆಯವರು, ಯಾರೋ ಒಬ್ಬ ಮುದುಕ. ಕಿಟಕಿಗಳಿಂದಲೂ ಕೈಗಳು ಹೊರಗೆ ಬಂದಿದ್ದವು.

ದೊಡ್ಡಮುನಿಯಪ್ಪ (ಕೂಗಿ): ಲೇ! ಉಪಚಾರಕ್ಕೆ ನೀವೂ ಬನ್ನಿ ಅಂದೆ ಕಣೆ, ಎಲ್ಲಾರೂ ಅತ್ತಿಬಿಟ್ರು! ಎಣ್ಣಿನ ಮನೆ ನೋಡೋ ಶಾಸ್ತ್ರಾನೂ ಇವತ್ತೇ ಮುಗಿಸ್ತಾರಂತೆ! ರಾತ್ರಿ ಊಟ ನಮ್ಮನೇಲೇ!

ಗಾಡಿ ಮುಂದೆ ಸಾಗಿ ಕಣ್ಮರೆಯಾಯಿತು.

ಬೈರಣ್ಣ: ನೋಡ್ದಾ ಅಕ್ಕ, ಎಷ್ಟು ಮೆತ್ತಗೆ ಓಯ್ತಾ ಐತೆ!

ಮುನಿಗಂಗಮ್ಮ: ಅಯ್ಯೋ ನನ್ ಕರ್ಮವೇ! ಮನೇಲಿ ಉಡುಗಿ ಒಬ್ಳೇ ಅವ್ಳಲ್ಲೋ! ಒಂದಿಡಿ ರಾಗಿ ಇಲ್ವಲ್ಲೋ! ಕಂಡಕ್ಟ್ರಣ್ಣಾ, ಬೇಗ ಬಿಡಾಕ್ ಏಳಪ್ಪ! ನಮ್ಮನೇಗೆ ಬೀಗ್ರು ಬತ್ತಾವ್ರೆ!

ಕಂಡಕ್ಟರು: ಬೀಗ್ರು ಬರೋ ಹೊತ್ನಲ್ಲಿ ನೀವ್ಯಾಕಮ್ಮ ಬಸ್ಸಲ್ಲಿ ಬತ್ತಿದ್ದೀರಿ? ಮನೇಲಿ ಗಾಡಿ ಇಲ್ವಾ?

ಮುನಿಗಂಗಮ್ಮ: ಐತೆ ಕಣಪ್ಪ.

ಕಂಡಕ್ಟರು: ಕೆಟ್ಟೋಗೈತಾ?

ಮುನಿಗಂಗಮ್ಮ: ಕೆಟ್ಟೋಗಿದ್ರೆ ಅದ್ರಲ್ಲೇ ಓಗ್ತಿದ್ದೆ. ರಿಪೇರಿ ಆಗೈತೆ!